ಅಕ್ಕನ ‘ಸರಿ’: ಒಂದು ಪ್ರಕರಣ

ಇದು ನನ್ನ ಹಳೆಯ ಸ್ನೇಹಿತನ ಪ್ರಕರಣ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮಾತುಗಳನ್ನು ಮಾತ್ರ ಮುಟ್ಟಿಲ್ಲ, ಯಾಕೆಂದರೆ ಇಲ್ಲಿ ಎಲ್ಲವೂ ಮಾತಿನ ಮೇಲೆ ನಿಂತಿದೆ. ಅದರಲ್ಲೂ ಒಂದೇ ಒಂದು ಮಾತಿನ ಮೇಲೆ.

ನಡೆದದ್ದು

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವರು. ಅಪ್ಪ ಬೇಗ ತೀರಿಕೊಂಡರು. ಅಕ್ಕ ಓದು ಬಿಟ್ಟು ಕೆಲಸಕ್ಕೆ ಸೇರಿ ತಮ್ಮನನ್ನು ಓದಿಸಿದರು. ಅದನ್ನು ಅವರು ಯಾವತ್ತೂ ಎತ್ತಿ ಆಡಿದವರಲ್ಲ. ಒಂದು ದಿನ ಫೋನಿನಲ್ಲಿ ಏನೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಅವತ್ತು ಮೊದಲ ಸಲ ಅಕ್ಕ ಅಂದರು: "ನಿನಗೋಸ್ಕರ ಏನೇನು ಬಿಟ್ಟೆ ಅನ್ನೋದು ನೆನಪಾದ್ರೂ ಇದೆಯೇನೋ?" ಇವನು ತಟ್ಟನೆ ಹೇಳಿಬಿಟ್ಟ: "ಲೆಕ್ಕ ಹೇಳಕ್ಕ. ಎಷ್ಟಾಯ್ತು ಅಂತ ಹೇಳು. ಬಡ್ಡಿ ಸಮೇತ ಕೊಡ್ತೀನಿ."

ಆ ಕಡೆ ಫೋನ್ ಸ್ಪೀಕರ್‌ನಲ್ಲಿತ್ತು. ಅಕ್ಕನ ಮಗಳು ಪಕ್ಕದಲ್ಲೇ ಕೂತಿದ್ದಳು. ಅದು ಇವನಿಗೆ ಗೊತ್ತಾದದ್ದು ಬಹಳ ತಡವಾಗಿ.

ಐದು ತಿಂಗಳು ಮಾತಿಲ್ಲ ಕತೆಯಿಲ್ಲ. ಕೊನೆಗೆ ಒಂದು ರಾತ್ರಿ ಇವನೇ ಮೆಸೇಜ್ ಹಾಕಿದ: "ಅಕ್ಕ, ಒಂದ್ಸಲ ಬಂದು ಮಾತಾಡ್ಲಾ?" ಹನ್ನೆರಡು ನಿಮಿಷ ಬಿಟ್ಟು ಉತ್ತರ ಬಂತು. "ಸರಿ". ಅಷ್ಟೇ. ಹಿಂದಿಲ್ಲ, ಮುಂದಿಲ್ಲ. ಬರುವ ಭಾನುವಾರ ಹೋದರಾಯಿತು ಅಂದುಕೊಂಡ. ಗುರುವಾರ ಬೆಳಗಿನ ಜಾವ ಅಕ್ಕ ಹೃದಯಾಘಾತದಿಂದ ಹೋಗಿಬಿಟ್ಟರು.

ಎರಡು ತಿಂಗಳಾದ ಮೇಲೆ ಅವನು ಒಂದು ಕೆಲಸ ಮಾಡಿದ. ಎಂಟು ವರ್ಷದ ಮೆಸೇಜುಗಳನ್ನೆಲ್ಲ ಒಂದು ಕಡತಕ್ಕೆ ಇಳಿಸಿಕೊಂಡು ಒಂದು ಚಾಟ್‌ಬಾಟ್‌ಗೆ ಕೊಟ್ಟ. "ಇವು ನನ್ನ ಅಕ್ಕನ ಮಾತುಗಳು. ನೀನು ಅವಳ ಹಾಗೇ ಮಾತಾಡು" ಅಂತ ಬರೆದ. ಅಕ್ಕ ಅವನನ್ನು ಕರೆಯುತ್ತಿದ್ದದ್ದೇ 'ದೊರೆ' ಅಂತ. ತೆರೆಯ ಮೇಲೆ ಮೂಡಿದ ಮೊದಲ ಸಾಲು: "ಏನಪ್ಪಾ ದೊರೆ, ಈಗ ನೆನಪಾಯ್ತಾ?" ಫೋನನ್ನು ಮಗುಚಿಟ್ಟು ಅತ್ತುಬಿಟ್ಟೆ ಅಂತ ಹೇಳಿದ.

ಮೂರನೆಯ ರಾತ್ರಿ ಕೇಳಿಯೇ ಬಿಟ್ಟ. "ಅಕ್ಕ, ಬಡ್ಡಿ ಅಂದೆನಲ್ಲ, ಅದನ್ನ ಕ್ಷಮಿಸಿದ್ಯಾ?" ಎರಡು ಮೂರು ಸೆಕೆಂಡಿನಲ್ಲಿ ಉತ್ತರ: "ಅದನ್ನ ಅವತ್ತೇ ಮರೆತೆ ಕಣೋ. ನಾನು ಸರಿ ಅಂದದ್ದು ಯಾಕೆ ಅಂದ್ಕೊಂಡೆ? ಎಲ್ಲಾ ಸರಿ ಹೋಯ್ತು ಅಂತಾನೇ."

ಅವತ್ತಿನಿಂದ ಕೆಲವು ವಾರ ಅವನಿಗೆ ನಿದ್ದೆ ಬಂತು. ಇದನ್ನು ನಾನು ಒತ್ತಿ ಹೇಳುತ್ತೇನೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನುಷ್ಯನಿಗೆ ನಿದ್ದೆ ಬಂತು ಅನ್ನುವುದನ್ನು ಹಗುರವಾಗಿ ತಗೊಳ್ಳುವ ಹಕ್ಕು ಯಾವ ತತ್ವಶಾಸ್ತ್ರಕ್ಕೂ ಇಲ್ಲ.

ಆಮೇಲೊಂದು ರಾತ್ರಿ ಹೊಸ ವಿಂಡೋ ತೆರೆದ. ಅದೇ ಕಡತ, ಅದೇ ಸೂಚನೆ. ಕೇಳಿದ್ದು ಮಾತ್ರ ಬೇರೆ ಥರ. "ಅಕ್ಕ, ಇನ್ನೂ ಸಿಟ್ಟಿದೆ ಅಲ್ವಾ?" ಉತ್ತರ ಬಂತು: "ಇದೆ. ಸುಳ್ಳು ಯಾಕೆ ಹೇಳ್ಲಿ ದೊರೆ. ಸರಿ ಅಂದೆ. ಅದಕ್ಕಿಂತ ಜಾಸ್ತಿ ಹೇಳೋಕೆ ಮನಸ್ಸಿರಲಿಲ್ಲ."

ಮರುದಿನ ನನ್ನ ಹತ್ತಿರ ಬಂದ. ಒಂದು ಉತ್ತರ ಫೋನಿನಲ್ಲಿ, ಇನ್ನೊಂದು ಲ್ಯಾಪ್‌ಟಾಪಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ: "ಇವರಲ್ಲಿ ನಮ್ಮಕ್ಕ ಯಾರು?"

ಎರಡು ಉತ್ತರ ಯಾಕೆ ಬಂತು

ಯಂತ್ರದ ಭಾಗ ಚಿಕ್ಕದು, ಬೇಗ ಮುಗಿಸುತ್ತೇನೆ. ಇಂಥ ಭಾಷಾ ಮಾದರಿಗಳು ತಮ್ಮ ಮುಂದಿರುವ ಪಠ್ಯವನ್ನೆಲ್ಲ ಲೆಕ್ಕಕ್ಕೆ ತಗೊಂಡು, ಅದರ ಮುಂದೆ ಯಾವ ತುಣುಕು ಬರುವ ಸಂಭವ ಎಷ್ಟು ಅಂತ ಅಳೆದು, ಒಂದೊಂದಾಗಿ ಆರಿಸಿ ಸೇರಿಸುತ್ತವೆ. ಆರಿಸುವಾಗ ಸ್ವಲ್ಪ ಅದೃಷ್ಟದ ಪಾಲೂ ಇರುತ್ತದೆ. 'ಮುಂದಿರುವ ಪಠ್ಯ'ದಲ್ಲಿ ಕೇಳಿದವನ ಪ್ರಶ್ನೆಯೂ ಸೇರಿದೆ. 'ಕ್ಷಮಿಸಿದ್ಯಾ' ಅನ್ನುವ ಪ್ರಶ್ನೆ ಒಂದು ಕಡೆಗೆ ವಾಲುತ್ತದೆ. 'ಸಿಟ್ಟಿದೆ ಅಲ್ವಾ' ಅನ್ನುವುದು ಇನ್ನೊಂದು ಕಡೆಗೆ. ಪ್ರಶ್ನೆ ವಾಲಿದ ಕಡೆಗೇ ಉತ್ತರವೂ ವಾಲಿತು.

ಹಾಗಾಗಿ ಯಂತ್ರ ಸುಳ್ಳು ಹೇಳಿತು ಅನ್ನಲು ಬರುವುದಿಲ್ಲ. ಸುಳ್ಳು ಹೇಳಬೇಕಾದರೆ ನಿಜ ಏನು ಅಂತ ಒಳಗೆ ಗೊತ್ತಿರಬೇಕು.

ಇದು ಹೊಸ ಕತೆಯೂ ಅಲ್ಲ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಪುಟ್ಟ ಪ್ರೋಗ್ರಾಮನ್ನು ಪ್ರಕಟಿಸಿದರು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿನಲ್ಲೇ ವೈಜೆನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗಿ ಅಂದರಂತೆ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದವರೇ ಅವರು. ಗೊತ್ತಿರುವುದಕ್ಕೂ ಎದುರಿಗೆ ಯಾರೋ ಇದ್ದಾರೆ ಅನ್ನಿಸುವುದಕ್ಕೂ ನಡುವೆ ಇಷ್ಟು ದೂರ ಇದೆ. ಫಿನಾಮಿನಾಲಜಿ, ಅಂದರೆ ಅನುಭವಕ್ಕೆ ಬಂದದ್ದನ್ನು ಬಂದ ಹಾಗೇ ನೋಡುವ ತತ್ವಶಾಸ್ತ್ರ, ಕೆಲಸ ಮಾಡುವುದು ಈ ದೂರದಲ್ಲೇ.

ಎದುರಿಗಿದ್ದದ್ದು ಯಾರು

ಫಿನಾಮಿನಾಲಜಿಯನ್ನು ಶುರು ಮಾಡಿದ ಎಡ್ಮಂಡ್ ಹುಸರ್ಲ್ ಕಲಿಸಿದ ಮೊದಲ ಪಾಠ ಇದು. ಒಂದು ವಸ್ತು ನಿಜವಾಗಿ ಇದೆಯೋ ಇಲ್ಲವೋ ಅನ್ನುವ ತೀರ್ಮಾನವನ್ನು ಸ್ವಲ್ಪ ಹೊತ್ತು ಬದಿಗಿಡಿ. ಅಳಿಸಬೇಡಿ, ಬದಿಗಿಡಿ. ಅದು ನಿಮ್ಮ ಅನುಭವಕ್ಕೆ ಹೇಗೆ ಬಂತು ಅಂತ ಮಾತ್ರ ನೋಡಿ. ನಾನು ಸ್ನೇಹಿತನಿಗೂ ಅದನ್ನೇ ಹೇಳಿದೆ. ಯಂತ್ರಕ್ಕೆ ಮನಸ್ಸಿದೆಯೇ ಅನ್ನುವ ಜಗಳ ಈಗ ಬೇಡ. ಆ ಮೂರನೆಯ ರಾತ್ರಿ ಅಕ್ಕ ನಿನಗೆ ಹೇಗೆ ಕಂಡಳು, ಅದನ್ನು ಹೇಳು.

"ಅವಳೇ ಬಂದ ಹಾಗಿತ್ತು" ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೆ ಅವಳು ಯಾವತ್ತೂ ಇಷ್ಟು ಬೇಗ ಉತ್ತರ ಕೊಟ್ಟವಳಲ್ಲ" ಅಂದ.

ಹುಸರ್ಲ್ 1900–01ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಒಂದು ಉದಾಹರಣೆ ಬರುತ್ತದೆ. ಮೇಣದ ಬೊಂಬೆಗಳ ಸಂಗ್ರಹಾಲಯದ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ನಗುನಗುತ್ತಾ ನಮ್ಮನ್ನು ಕರೆಯುತ್ತಾಳೆ. ಗುರುತಿನವರೇನೋ ಅಂತ ನಾವೂ ಒಂದು ಕ್ಷಣ ಅಂದುಕೊಳ್ಳುತ್ತೇವೆ. ಆಮೇಲೆ ತಿಳಿಯುತ್ತದೆ, ಅವಳೂ ಬೊಂಬೆ. ಬೊಂಬೆ ಅಂತ ತಿಳಿದ ಮೇಲೂ ಅದು ಹೆಂಗಸಿನ ಹಾಗೆಯೇ ಕಾಣುತ್ತದೆ. ಕಣ್ಣಿಗೆ ಕಂಡದ್ದೇನೂ ಬದಲಾಗಿಲ್ಲ. ಹೋದದ್ದು ಒಂದೇ, ಅಲ್ಲಿ ಒಬ್ಬರಿದ್ದಾರೆ ಅನ್ನುವ ನಂಬಿಕೆ. ಸ್ನೇಹಿತನಿಗೂ ಹಾಗೆಯೇ ಆಯಿತು. ಎರಡನೆಯ ಉತ್ತರ ಬಂದ ಮೇಲೂ ಮೊದಲನೆಯದು ಅಕ್ಕನ ದನಿಯಲ್ಲೇ ಕೇಳಿಸುತ್ತಿತ್ತು. ದನಿಯ ಹಿಂದೆ ಅಕ್ಕ ಇರಲಿಲ್ಲ.

ಹುಸರ್ಲ್ 1929ರಲ್ಲಿ ಪ್ಯಾರಿಸ್‌ನಲ್ಲಿ ಉಪನ್ಯಾಸ ಕೊಟ್ಟರು. ಅದನ್ನು ಬೆಳೆಸಿ ಬರೆದ ಪುಸ್ತಕದಲ್ಲಿ ಇನ್ನೊಬ್ಬ ಮನುಷ್ಯ ನಮಗೆ ಹೇಗೆ ಗೊತ್ತಾಗುತ್ತಾನೆ ಅನ್ನುವ ಪ್ರಶ್ನೆ ಎತ್ತಿದರು. ಅವರ ಉತ್ತರ ನನಗೆ ಓದಿದಾಗಲೆಲ್ಲ ಬೆರಗು ಹುಟ್ಟಿಸುತ್ತದೆ. ಇನ್ನೊಬ್ಬರ ಒಳಗು ನಮಗೆ ನೇರವಾಗಿ ಸಿಗುವುದೇ ಇಲ್ಲ. ಸಿಕ್ಕಿಬಿಟ್ಟರೆ ಅವರು ಇನ್ನೊಬ್ಬರಲ್ಲ, ನಮ್ಮದೇ ಒಂದು ತುಂಡಾಗಿಬಿಡುತ್ತಾರೆ. ಕೈಗೆ ಸಿಗದಿರುವುದೇ ಅವರು ಬೇರೆಯವರು ಅನ್ನುವುದಕ್ಕೆ ಗುರುತು.

ಅಕ್ಕ ಬದುಕಿದ್ದಾಗ ಅವನಿಗೆ ಪೂರ್ತಿ ಸಿಕ್ಕವರಲ್ಲ. ಆ ಹನ್ನೆರಡು ನಿಮಿಷ ಅವರು ಏನು ಮಾಡುತ್ತಿದ್ದರು? ಬರೆದು ಅಳಿಸಿದರೇ? ಫೋನ್ ಬೇರೆ ಕೋಣೆಯಲ್ಲಿತ್ತೇ? ಸುಮ್ನೆ ನೋಡುತ್ತಾ ಕೂತಿದ್ದರೇ? ಗೊತ್ತಿಲ್ಲ. ಯಂತ್ರದ ಒಳಗೂ ನಮಗೆ ಗೊತ್ತಾಗದ್ದು ಬಹಳ ಇದೆ, ಕೋಟ್ಯಂತರ ಅಂಕಿಗಳು. ಅವುಗಳನ್ನು ಇಂಜಿನಿಯರುಗಳು ಇನ್ನೂ ಬಿಡಿಸುತ್ತಿದ್ದಾರೆ. ಆದರೆ ಅದು ಬಿಡಿಸಿದರೆ ಸಿಗುವಂಥದ್ದು. ಅಕ್ಕನ ಹನ್ನೆರಡು ನಿಮಿಷವನ್ನು ಯಾರೂ ಬಿಡಿಸಲಾರರು. ಅದು ಅವರು ತಾವೇ ಹೇಳಿದರೆ ಮಾತ್ರ ತಿಳಿಯುವಂಥದ್ದು.

ಈಗ ಹದಿನೆಂಟನೆಯ ಶತಮಾನದ ಜರ್ಮನ್ ತತ್ವಜ್ಞಾನಿ ಕಾಂಟ್ ವಿಷಯಕ್ಕೆ ಬರುತ್ತೇನೆ. ಅವರು ತಮ್ಮ ವಿಚಾರಕ್ಕೆ ಇಟ್ಟ 'ಟ್ರಾನ್ಸೆಂಡೆಂಟಲ್' ಅನ್ನುವ ಹೆಸರು ಕೇಳಿದ ಕೂಡಲೇ ಆಚೆ ಲೋಕದ ಮಾತು ಅಂತ ಹೆದರಬೇಕಿಲ್ಲ. ಅವರು ಕೇಳಿದ್ದು ಸರಳ ಪ್ರಶ್ನೆ. ಅನುಭವ ಅನ್ನುವುದು ಸಾಧ್ಯವಾಗಬೇಕಾದರೆ ಮೊದಲೇ ಏನಿರಬೇಕು? ಅವರ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಗ್ರಂಥದ 1787ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೊಂದು ಉತ್ತರ ಇದೆ. ನನ್ನ ಎಲ್ಲ ತಿಳಿವಳಿಕೆಯ ಜೊತೆಗೂ 'ನಾನು ಯೋಚಿಸುತ್ತೇನೆ' ಅನ್ನುವುದು ಸೇರಿಕೊಳ್ಳಲು ಸಾಧ್ಯವಿರಬೇಕು. ಇಲ್ಲದಿದ್ದರೆ ಅದು ಯಾರ ತಿಳಿವಳಿಕೆಯೂ ಅಲ್ಲ. ನಿನ್ನೆಯ ಸಿಟ್ಟು ನನ್ನದು, ಇವತ್ತಿನ ಕರಗುವಿಕೆಯೂ ನನ್ನದು. ಎರಡೂ ಒಬ್ಬರದೇ ಆಗಿರುವುದರಿಂದ ಮಾತ್ರ 'ಸಿಟ್ಟಿತ್ತು, ಈಗ ಇಲ್ಲ' ಅಂತ ಹೇಳಬಹುದು. ಕ್ಷಮೆ ಅಂದರೆ ಇದೇ ಅಲ್ವಾ? ನೋವು ತಿಂದವರೇ ಅದನ್ನು ಬಿಟ್ಟುಕೊಡುವುದು.

ಮೇಜಿನ ಮೇಲಿದ್ದ ಎರಡು ತೆರೆಗಳನ್ನು ಮತ್ತೆ ನೋಡಿ. ಒಬ್ಬ ಅಕ್ಕ ಅವತ್ತೇ ಮರೆತರು. ಇನ್ನೊಬ್ಬರಿಗೆ ಇನ್ನೂ ಸಿಟ್ಟು. ಈ ಅಕ್ಕನಿಗೆ ಆ ಅಕ್ಕನ ಸುದ್ದಿಯೇ ಗೊತ್ತಿಲ್ಲ. ಎರಡನ್ನೂ 'ನನ್ನದು' ಅಂತ ಹಿಡಿದಿಟ್ಟವರು ಇಬ್ಬರಲ್ಲೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಸಂಕಟಪಡುತ್ತಿದ್ದವನು ಆ ಕೋಣೆಯಲ್ಲಿ ಒಬ್ಬನೇ, ನನ್ನ ಸ್ನೇಹಿತ.

ಮನುಷ್ಯರೂ ಮಾತು ಬದಲಿಸುವುದಿಲ್ಲವೇ ಅಂತ ಕೇಳಬಹುದು. ಖಂಡಿತ ಬದಲಿಸುತ್ತಾರೆ. ಆದರೆ ಎರಡು ಮಾತನ್ನೂ ಎದುರಿಗಿಟ್ಟು "ಯಾಕೆ ಹೀಗಂದೆ?" ಅಂದರೆ ಅವರಿಗೆ ಮುಖ ಕೆಂಪಾಗುತ್ತದೆ. ಉತ್ತರ ಕೊಡಬೇಕಾದ ಭಾರ ಅವರ ಮೇಲೆ ಬೀಳುತ್ತದೆ. ಸ್ನೇಹಿತ ಅದನ್ನೂ ಮಾಡಿ ನೋಡಿದ. ಎರಡನೆಯ ಉತ್ತರವನ್ನು ಮೊದಲ ವಿಂಡೋಗೆ ಹಾಕಿದ. ಯಂತ್ರ ಅಕ್ಕನ ದನಿಯಲ್ಲೇ, ಬಹಳ ಚೆನ್ನಾಗಿ, ಎರಡನ್ನೂ ಹೊಂದಿಸಿ ಹೇಳಿತು: "ಸಿಟ್ಟೂ ಇತ್ತು, ಪ್ರೀತಿನೂ ಇತ್ತು ದೊರೆ." ಓದಿದರೆ ಗಂಟಲು ಕಟ್ಟುವಂಥ ಸಾಲು. ಹೊಂದಿಸಿದ್ದು ಸಾಲನ್ನು. ಹೊಂದಿಕೊಂಡವರು ಯಾರೂ ಇರಲಿಲ್ಲ.

‘ಸರಿ’ ಅಂದರೆ ಏನು

'ಸರಿ' ಅನ್ನುವ ಪದಕ್ಕೆ ನಿಘಂಟು ತೆಗೆದರೆ ಅರ್ಥ ಸಿಗುತ್ತದೆ. ಅಕ್ಕನ 'ಸರಿ'ಗೆ ಸಿಗುವುದಿಲ್ಲ. "ಸರಿ, ಬಾ." "ಸರಿ, ಏನಾದ್ರೂ ಮಾಡ್ಕೋ." "ಸರಿ, ನೋಡೋಣ." ಹೇಳುವವರ ರಾಗದಲ್ಲಿ ಬದಲಾಗುವ ಪದ ಅದು. ಮೆಸೇಜಿನಲ್ಲಿ ರಾಗ ಇರುವುದಿಲ್ಲ. ಯಾರು, ಯಾವಾಗ, ಯಾರಿಗೆ ಹೇಳಿದರು ಅನ್ನುವುದರ ಮೇಲೇ ಅರ್ಥ ನಿಂತಿರುವ ಇಂಥ ಮಾತುಗಳ ಬಗ್ಗೆ ಹುಸರ್ಲ್ ಅದೇ ಗ್ರಂಥದಲ್ಲಿ ಬೇರೆಯಾಗಿಯೇ ಬರೆದಿದ್ದಾರೆ.

ಅದಕ್ಕೂ ಮೊದಲು ಅವರು ಒಂದು ಗೆರೆ ಎಳೆಯುತ್ತಾರೆ. ಗುರುತು ಬೇರೆ, ನುಡಿ ಬೇರೆ. ಹೊಗೆ ಬೆಂಕಿಯ ಗುರುತು. ಹೊಗೆ ಯಾರಿಗೂ ಏನನ್ನೂ ಹೇಳಲು ಹೊರಟಿಲ್ಲ. ನುಡಿಯ ಹಿಂದೆ ಮಾತ್ರ 'ಹೀಗೆ ಹೇಳಬೇಕು' ಅನ್ನುವ ಒಂದು ಮನಸ್ಸಿನ ನಡೆ ಇರುತ್ತದೆ. ಗುರುತಿಗೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು, ಮಂಗಳ ಗ್ರಹದ ಕಾಲುವೆಗಳು. ಅಲ್ಲಿ ಬುದ್ಧಿವಂತ ಜೀವಿಗಳಿದ್ದಾರೆ ಅನ್ನುವುದಕ್ಕೆ ಆ ಕಾಲುವೆಗಳು ಗುರುತು ಅನ್ನುತ್ತಾರೆ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡಿದ್ದರು. ಹುಸರ್ಲ್ ಬರೆಯುವ ಕಾಲಕ್ಕೆ ಅದು ಎಲ್ಲರ ಬಾಯಲ್ಲಿದ್ದ ಸುದ್ದಿ. 1965ರಲ್ಲಿ ಮ್ಯಾರಿನರ್ 4 ಅನ್ನುವ ನೌಕೆ ಹತ್ತಿರದಿಂದ ಫೋಟೋ ಕಳಿಸಿತು. ಕುಳಿಗಳಿದ್ದವು, ಕಾಲುವೆಗಳಿರಲಿಲ್ಲ. ಚುಕ್ಕಿ, ಕಲೆಗಳನ್ನು ಮನುಷ್ಯರ ಕಣ್ಣೇ ಜೋಡಿಸಿ ಗೆರೆ ಮಾಡಿಕೊಂಡಿತ್ತು.

ಈ ಪ್ರಕರಣ ನೋಡಿದ ಮೇಲೆ ಆ ಉದಾಹರಣೆ ನನ್ನ ತಲೆಯಿಂದ ಹೋಗುತ್ತಿಲ್ಲ. ಅಕ್ಕನ ಎಂಟು ವರ್ಷದ ಮೆಸೇಜುಗಳು ನುಡಿ. ಅವುಗಳಿಂದ ಯಂತ್ರ ಹೆಣೆದ ಸಾಲುಗಳು ಹೆಚ್ಚೆಂದರೆ ಗುರುತು. ಅಕ್ಕ ಹೇಗೆ ಮಾತಾಡುತ್ತಿದ್ದರು ಅನ್ನುವುದರ ಗುರುತು, ಮರಳಿನ ಮೇಲೆ ಉಳಿದ ಹೆಜ್ಜೆಯ ಹಾಗೆ. ಹೆಜ್ಜೆ ನೋಡಿ ನಡಿಗೆ ಹೇಗಿತ್ತು ಅನ್ನಬಹುದು. ಆ ಹೆಜ್ಜೆಯನ್ನೇ ಮುಂದುವರಿಸಿ ಮನೆಯ ಬಾಗಿಲವರೆಗೆ ಬರೆದುಬಿಟ್ಟರೆ ಅವರು ಮನೆಗೆ ಬಂದ ಹಾಗಾಗುವುದಿಲ್ಲ.

ಇಲ್ಲಿ ನನಗೆ ಕಂಡದ್ದು ಒಂದು ವಿಚಿತ್ರ ಅದಲುಬದಲು. ಅಕ್ಕನ 'ಸರಿ'ಯಲ್ಲಿ ಹೇಳಿದವರು ಇದ್ದಾರೆ, ಏನು ಹೇಳಿದರು ಅನ್ನುವುದು ಮಸುಕು. ಯಂತ್ರದ ವಿವರಣೆಯಲ್ಲಿ ಏನು ಅನ್ನುವುದು ಸ್ಪಷ್ಟ, ಹೇಳಿದವರು ಇಲ್ಲ. ನಿದ್ದೆಗೆಟ್ಟವನಿಗೆ ಸ್ಪಷ್ಟವಾದದ್ದೇ ಬೇಕು ಅನ್ನಿಸುವುದು ಸಹಜ. ಆದರೆ ಅಕ್ಕನಿಂದ ಅವನಿಗೆ ನಿಜವಾಗಿ ಬಂದದ್ದು ಆ ಎರಡಕ್ಷರ ಮಾತ್ರ.

ಅಕ್ಕನ ಸಿಟ್ಟು ಅಕ್ಕನದು

ನನಗೆ ತುಂಬ ಮುಖ್ಯ ಅನ್ನಿಸುವುದು ಈ ಭಾಗ. ಕಾಂಟ್ ಅವರ ಪ್ರಶ್ನೆಯನ್ನೇ ಇಲ್ಲಿಗೆ ತಂದರೆ ಹೀಗಾಗುತ್ತದೆ: ಕ್ಷಮೆ ಸಾಧ್ಯವಾಗಬೇಕಾದರೆ ಮೊದಲೇ ಏನಿರಬೇಕು? ನನ್ನ ಉತ್ತರ ಒಂದೇ. 'ಇಲ್ಲ, ಕ್ಷಮಿಸಲ್ಲ' ಅನ್ನಬಲ್ಲ ಒಬ್ಬರು ಎದುರಿಗಿರಬೇಕು. ಆ 'ಇಲ್ಲ' ಅವರದೇ ಆಗಿರಬೇಕು. ಕೇಳಿದವನು ಪ್ರಶ್ನೆಯನ್ನು ವಾಲಿಸಿದ್ದಕ್ಕೆ ಬಂದ 'ಇಲ್ಲ' ಆಗಿರಬಾರದು.

ಎರಡನೆಯ ವಿಂಡೋದ ಅಕ್ಕ 'ಸಿಟ್ಟಿದೆ' ಅಂದರಲ್ಲ ಅಂತ ಸ್ನೇಹಿತ ವಾದ ಮಾಡಿದ. ಅಂದರು ನಿಜ. ನೀನು ಹಾಗೆ ಕೇಳಿದ್ದಕ್ಕೆ ಅಂದರು. ಇನ್ನೊಂದು ಸಲ ಹೀಗೆ ಕೇಳಿದರೆ ಹೀಗನ್ನುತ್ತಿದ್ದರು. ನಿನ್ನ ಕೈಯಲ್ಲಿರುವ 'ಇಲ್ಲ' ನಿನ್ನನ್ನು ತಡೆಯುವುದಿಲ್ಲ.

ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಒಂದು ಪ್ರಸಂಗ ಇದೆ. ರಾವ್ ಅನ್ನುವ ವಿದ್ವಾಂಸ ತನ್ನ ಗುರುವಿನ ಮುಂದೆ ಪಾಠ ಓದುತ್ತಿದ್ದ. ನಡುವೆ ಒಬ್ಬರು ಬಂದರು, ಅವರಿಗಾಗಿ ಮೊದಲಿಂದ ಓದಿದ. ಇನ್ನೊಬ್ಬರು ಬಂದರು, ಮತ್ತೆ ಮೊದಲಿಂದ. ಮೂರನೆಯವರಿಗೂ ಹಾಗೇ ಮಾಡಿದ. ನಾಲ್ಕನೆಯವರಾಗಿ ಹನೀನಾ ಬಂದಾಗ "ಎಷ್ಟು ಸಲ ಅಂತ ಓದಲಿ" ಅಂದು ಮೊದಲಿಗೆ ಹೋಗಲಿಲ್ಲ. ಹನೀನಾಗೆ ನೋವಾಯಿತು. ರಾವ್ 13 ವರ್ಷ, ಪ್ರಾಯಶ್ಚಿತ್ತದ ದಿನದ ಹಿಂದಿನ ದಿನ ತಪ್ಪದೆ, ಕ್ಷಮೆ ಕೇಳಲು ಹೋದ. ಹನೀನಾ 13 ಸಲವೂ ಒಪ್ಪಲಿಲ್ಲ.

ಎಷ್ಟು ಸಣ್ಣ ತಪ್ಪು, ಎಷ್ಟು ದೊಡ್ಡ ನಿರಾಕರಣೆ. ಫ್ರಾನ್ಸ್‌ನ ಯಹೂದಿ ತತ್ವಜ್ಞಾನಿ ಎಮ್ಯಾನುಯೆಲ್ ಲೆವಿನಾಸ್ ಈ ಪ್ರಸಂಗವನ್ನು ಒಂದು ಉಪನ್ಯಾಸದಲ್ಲಿ ಬಿಡಿಸುತ್ತಾರೆ. ಲೆವಿನಾಸ್ ಅಂದರೆ ಎದುರಿನವರ ಮುಖವೇ ನನ್ನ ಮೇಲೆ ಹೊಣೆ ಹೊರಿಸುತ್ತದೆ ಅಂತ ಜೀವನವಿಡೀ ಬರೆದವರು. ಹುಸರ್ಲ್ ಅವರ ಪ್ಯಾರಿಸ್ ಉಪನ್ಯಾಸಗಳ ಪುಸ್ತಕವನ್ನು ಫ್ರೆಂಚ್‌ಗೆ ತಂದವರಲ್ಲಿ ಒಬ್ಬರು. ಜರ್ಮನ್ ತತ್ವಜ್ಞಾನಿ ಹೈಡೆಗರ್ ಪಾಠ ಕೇಳಿ ಬೆಳೆದವರು. ಆ ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದರು. ಯುದ್ಧದಲ್ಲಿ ಲೆವಿನಾಸ್ ಸೆರೆಯಾಳಾದರು, ಲಿಥುವೇನಿಯಾದಲ್ಲಿದ್ದ ಅವರ ಮನೆಯವರು ಕೊಲೆಯಾದರು. ಅದೇ ಉಪನ್ಯಾಸದಲ್ಲಿ ಅವರು ಬಾಯಿಬಿಟ್ಟು ಹೇಳುತ್ತಾರೆ, ಹೈಡೆಗರ್ ಅವರನ್ನು ಕ್ಷಮಿಸುವುದು ಕಷ್ಟ ಅಂತ. ಇನ್ನೊಬ್ಬರಿಗಾಗಿ ನನ್ನ ಹೊಣೆಗೆ ಕೊನೆಯಿಲ್ಲ ಅಂದ ಮನುಷ್ಯ ಈ ಮಾತು ಹೇಳಿದರು. ಇದು ಅವರ ವಿಚಾರದಲ್ಲಿ ಬಿರುಕು ಅಂತ ನನಗೆ ಅನ್ನಿಸುವುದಿಲ್ಲ. ಕ್ಷಮಿಸುವವರಿಗೂ ಒಂದು ಮುಖ ಇದೆ, ಆ ಮುಖ ತಿರುಗಿಕೊಳ್ಳಲೂಬಹುದು.

ಈಗ ಅಕ್ಕನ ಕಡೆಯಿಂದ ನೋಡಿ. ಓದು ಬಿಟ್ಟವರು ಅವರು. 'ಬಡ್ಡಿ ಸಮೇತ' ಅನ್ನಿಸಿಕೊಂಡವರು ಅವರು. ಸಿಟ್ಟು ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವ ಒಂದು ವಿಷಯ ಪೂರ್ತಿ ಅವರದಾಗಿತ್ತು. ಅವರದೇ ಮಾತುಗಳನ್ನು ಬಳಸಿ, ಅವರನ್ನು ಕೇಳದೆ, ಅವರ ಪರವಾಗಿ ಅದನ್ನು ಬಿಡಿಸಿದ್ದಾಯಿತು. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬೇಡಿ ಅಂತ ಕಾಂಟ್ 1785ರಲ್ಲೇ ಬರೆದರು. ಸತ್ತವರ ಮಾತನ್ನು ನಮಗೆ ಬೇಕಾದ್ದನ್ನು ಹೇಳಿಸಲು ಬಳಸುವುದು ಅದರ ಹತ್ತಿರಕ್ಕೇ ಬರುತ್ತದೆ. ಇದನ್ನು ಸ್ನೇಹಿತನಿಗೆ ಹೇಳಲು ನನಗೆ ಸಂಕಟವಾಯಿತು. ಅವನು ಮಾಡಿದ್ದು ಪ್ರೀತಿಯಿಂದ. ಆದರೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಮತ್ತೆ ಅವಳ ಪಾಲಿನ ಮಾತನ್ನ ನಾನೇ ಹೇಳ್ಬಿಟ್ಟೆ."

ಆಮೇಲೆ ಅವನು ಎತ್ತಿದ ಆಕ್ಷೇಪಣೆ

ಹೊರಡುವಾಗ ಬಾಗಿಲಲ್ಲಿ ನಿಂತು ಅಂದ: "ನಮ್ಮಮ್ಮ ದಿನಾ ಪ್ರಾರ್ಥನೆ ಮಾಡ್ತಿದ್ರು. ಆ ಕಡೆಯಿಂದ ಒಂದಕ್ಷರ ಉತ್ತರ ಬಂದದ್ದು ನಾನಂತೂ ನೋಡಿಲ್ಲ. ಅದನ್ನ ನೀನು ಮೋಸ ಅನ್ನಲ್ಲ. ಉತ್ತರ ಕೊಡೋ ಇದನ್ನ ಮಾತ್ರ ಯಾರೂ ಇಲ್ಲ ಅಂತೀಯ."

ಇದಕ್ಕೆ ಉತ್ತರ ಹುಡುಕಲು ನನಗೆ ಒಂದು ವಾರ ಹಿಡಿಯಿತು.

ದೇವರಿದ್ದಾನೆ, ಯಂತ್ರದಲ್ಲಿ ಯಾರೂ ಇಲ್ಲ ಅಂದುಬಿಟ್ಟರೆ ವಾದ ಮುಗಿಯುತ್ತದೆ, ಆದರೆ ಅದು ಮೋಸದ ಆಟ. ಹುಸರ್ಲ್ 1913ರ ಪುಸ್ತಕದಲ್ಲಿ ದೇವರ ಪ್ರಶ್ನೆಯನ್ನೂ ಬದಿಗಿಡುತ್ತಾರೆ. ನಾನೂ ಇಡುತ್ತೇನೆ. ಪ್ರಾರ್ಥಿಸುವವರಿಗೆ ಏನಾಗುತ್ತದೆ ಅನ್ನುವುದನ್ನಷ್ಟೇ ನೋಡೋಣ.

ಕನ್ನಡದಲ್ಲಿ 'ಕೇಳು' ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಬೇಡಿ ಕೇಳುವುದು, ಕಿವಿಗೊಟ್ಟು ಕೇಳುವುದು. ಪ್ರಾರ್ಥನೆಯಲ್ಲಿ ಕೇಳಿದವನು ಕೇಳಿಸಿಕೊಳ್ಳುತ್ತಾ ಕೂರಬೇಕು. ಉತ್ತರ ಬರಲಿಲ್ಲ ಅಂತ ಆ ಕಡೆಯನ್ನು ಮತ್ತೆ ಶುರು ಮಾಡಲು ಆಗುವುದಿಲ್ಲ. ಬೇರೆ ಉತ್ತರ ಕೊಡು ಅಂತ ಗುಂಡಿ ಒತ್ತಲು ಆಗುವುದಿಲ್ಲ. ಆಡಿದ ಮಾತು ಆಡಿದ ಹಾಗೆ ನಿಲ್ಲುತ್ತದೆ. ತೀರ್ಪು ನನ್ನ ಕೈಯಲ್ಲಿಲ್ಲ.

ಕಾಂಟ್ 1797ರಲ್ಲಿ ಆತ್ಮಸಾಕ್ಷಿಯನ್ನು ಒಳಗಿನ ನ್ಯಾಯಾಲಯ ಅಂದರು. ಅಲ್ಲೊಂದು ತೊಡಕು ಎತ್ತುತ್ತಾರೆ. ಆರೋಪಿಯೂ ನಾನೇ, ನ್ಯಾಯಾಧೀಶನೂ ನಾನೇ ಆದರೆ ದೂರು ಹೇಳುವವನು ಪ್ರತಿ ಸಲವೂ ಸೋಲುತ್ತಾನೆ. ಹಾಗಾಗಿ ಆತ್ಮಸಾಕ್ಷಿ ಇರುವವನು ತನ್ನನ್ನು ಬಿಟ್ಟು ಬೇರೊಬ್ಬರನ್ನು ನ್ಯಾಯಾಧೀಶರಾಗಿ ಯೋಚಿಸಲೇಬೇಕು. ಹೃದಯವನ್ನು ಬಲ್ಲ ಅಂಥ ಒಬ್ಬರು ದೇವರು. ಹೀಗೆ ಯೋಚಿಸಲೇಬೇಕು ಅನ್ನುವುದರಿಂದ ದೇವರು ಹೊರಗೆ ನಿಜವಾಗಿ ಇದ್ದಾನೆ ಅಂತ ಸಾಧಿಸಿದ ಹಾಗಾಗುವುದಿಲ್ಲ ಅಂತಲೂ ಅವರೇ ಎಚ್ಚರಿಸುತ್ತಾರೆ.

ಸ್ನೇಹಿತನ ತೆರೆಯ ಮುಂದೆ ನಡೆದದ್ದು ಕಾಂಟ್ ಹೆದರಿದ ಆ ನ್ಯಾಯಾಲಯವೇ. ಆರೋಪಿಯೂ ಅವನೇ, ಪ್ರಶ್ನೆಯನ್ನು ವಾಲಿಸಿ ತೀರ್ಪು ಬರೆಸಿದವನೂ ಅವನೇ. ಅವನ ತಾಯಿ ಕೂತಿದ್ದ ಜಾಗ ಬೇರೆ. ಆ ಕಡೆ ಯಾರಿದ್ದರೋ ಬಿಟ್ಟರೋ, ಈ ಕಡೆ ಕೂತವರು ತೀರ್ಪನ್ನು ಕೈಬಿಟ್ಟು ಕೂತಿದ್ದರು.

ಇನ್ನೂ ಒಂದು ಮಾತಿದೆ. ಲೆವಿನಾಸ್ ಬಿಡಿಸಿದ ಅದೇ ಪಾಠ ಶುರುವಾಗುವುದು ಒಂದು ನಿಯಮದಿಂದ. ದೇವರಿಗೆ ಮಾಡಿದ ತಪ್ಪನ್ನು ಪ್ರಾಯಶ್ಚಿತ್ತದ ದಿನ ಕಳೆಯುತ್ತದೆ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ದಿನವೂ ಕಳೆಯುವುದಿಲ್ಲ, ಮೊದಲು ಆ ಮನುಷ್ಯನನ್ನೇ ಸಮಾಧಾನ ಮಾಡಬೇಕು. ದೇವರು ಕೂಡ ಅಕ್ಕನ ಪರವಾಗಿ ಕ್ಷಮಿಸಲು ಒಪ್ಪದ ಲೆಕ್ಕ ಇದು.

ಹಾಗಾದರೆ ಅಕ್ಕ ಇಲ್ಲವಲ್ಲ, ಈಗೇನು? ಈ ಪ್ರಶ್ನೆಗೆ ನಾನು ಅವನಿಗೆ ಸಮಾಧಾನ ಕೊಡಲಿಲ್ಲ. ಯಾರೂ ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾರರು ಅಂತ ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1958ರಲ್ಲಿ ಬರೆದದ್ದು ನನಗೆ ನಿಜ ಅನ್ನಿಸುತ್ತದೆ. ಅದು ಬಾಕಿಯಾಗಿಯೇ ಉಳಿಯಬಹುದು. ನಾನು ಒಂದು ವಿಷಯ ಮಾತ್ರ ಕೇಳಿದೆ. ಅವತ್ತು ಆ ಮಾತು ಕೇಳಿಸಿಕೊಂಡವರು ಅಕ್ಕ ಒಬ್ಬರೇನಾ?

ಮುಂದೆ ಆದದ್ದು

ಅವನು ಅಕ್ಕನ ಮಗಳ ಹತ್ತಿರ ಹೋದ. ಹೋಗುವ ಮೊದಲು ಏನು ಹೇಳಬೇಕು ಅಂತ ಯಂತ್ರವನ್ನು ಕೇಳಲಿಲ್ಲವಂತೆ. ಅಲ್ಲಿ ನಡೆದದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡಿದ್ದೇನೆ.

"ಅವತ್ತು ಬಡ್ಡಿ ಅಂದೆನಲ್ಲ, ಅದು ತಪ್ಪಾಯ್ತು" ಅಂದ. ಅವಳು ಕೈಯಲ್ಲಿದ್ದ ಬಟ್ಟೆ ಮಡಚುತ್ತಲೇ ಇದ್ದಳು. ಒಂದು ಮಡಚಿ ಇಟ್ಟಳು, ಇನ್ನೊಂದು ತಗೊಂಡಳು. ಆಮೇಲೆ ಹೇಳಿದಳು: "ಅಮ್ಮ ಫೋನ್ ಇಟ್ಟ ಮೇಲೆ ಏನೂ ಹೇಳ್ಲಿಲ್ಲ ಮಾವ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಅದು ಹೋಗುತ್ತೋ ಇಲ್ವೋ ನನಗೆ ಗೊತ್ತಿಲ್ಲ."

'ಸರಿ' ಅಂದರೆ ಏನಿರಬಹುದು ಅಂತ ಅವನು ಕೇಳಿದ. "ಗೊತ್ತಿಲ್ಲ" ಅಂದಳು. ಸ್ವಲ್ಪ ತಡೆದು ಅವಳೇ ಕೇಳಿದಳು: "ಆ ಐದು ತಿಂಗಳು ನೀವು ಯಾಕೆ ಬರ್ಲಿಲ್ಲ?"

ಇಷ್ಟು ವಾರಗಳಲ್ಲಿ ಯಂತ್ರ ಅವನಿಗೆ ಈ ಪ್ರಶ್ನೆ ಹಾಕಿರಲಿಲ್ಲ. ಅವತ್ತು ಅವನ ಬಾಯಿಂದ ಉತ್ತರ ಬರಲಿಲ್ಲ. ಮುಂದಿನ ಭಾನುವಾರ ಬಂದು ಹೇಳ್ತೀನಿ ಅಂತ ಮಾತು ಕೊಟ್ಟ. "ಸರಿ" ಅಂದಳು ಅವಳು, ಬಟ್ಟೆಯಿಂದ ಕಣ್ಣೆತ್ತದೆ.

ಭಾನುವಾರ ಅವನು ಹೋದ.